ಮನೆಯ ಚಾವಡಿಯೂ ಉಗ್ರಾಣವೂ

ಮುಂಬಯಿಗೋ ಕೊಲ್ಲಿಯ ದೇಶಗಳಿಗೋ ಮಕ್ಕಳನ್ನು ಕಳುಹಿಸದ ಮನೆಗಳು ನಮ್ಮ ಮೂಡುಬಿದಿರೆಯ ಸೀಮೆಯಲ್ಲಿ ವಿರಳವಷ್ಟೆ. ಅವರ ಕ್ಷೇಮಸಮಾಚಾರವೂ ಮೊಮ್ಮಕ್ಕಳ ಚಿತ್ರಗಳೂ ಇಂದು ಯಾವುದೋ ಕಂಪೆನಿಯ ಯಂತ್ರದೊಳಗೆ ಕುಳಿತಿರುವುವು. ಆ ಕಂಪೆನಿಯು ಬಾಗಿಲು ಹಾಕಿದರೆ ಗತಿಯೇನು? ೨೦೨೦ರಲ್ಲಿ ಬೆಂಗಳೂರಿನಲ್ಲಿ, ಮೊದಲು ಕನ್ನಡದಲ್ಲಿಯೇ ಆರಂಭವಾದ ‘ಕೂ’ ಎಂಬ ಜಾಲವು ೨೦೨೪ರ ಜುಲೈಯಲ್ಲಿ ಮುಚ್ಚಿದುದನ್ನು ವಾಚಕರು ಮರೆತಿರಲಾರರು.

ಇದಕ್ಕೊಂದು ಉಪಾಯವುಂಟು. ಜರ್ಮನಿಯಲ್ಲಿ ಯೂಜೆನ್ ರೋಚ್ಕೊ ಎಂಬವರು ೨೦೧೬ರಲ್ಲಿ ಹೊರತಂದ ಮಾಸ್ಟೊಡಾನ್ ಎಂಬ ತಂತ್ರಾಂಶವನ್ನು ಯಾರು ಬೇಕಾದರೂ ಉಚಿತವಾಗಿ ಪಡೆದು ತಮ್ಮದೇ ಸರ್ವರಿನಲ್ಲಿ ನಡೆಯಿಸಬಹುದು. ಒಂದೂರಿನ ಅಂಚೆಮನೆಯು ಮತ್ತೊಂದೂರಿನದಕ್ಕೆ ಕಾಗದ ಕಳುಹಿಸುವಂತೆ ಇಂತಹ ಸರ್ವರುಗಳು ತಮ್ಮತಮ್ಮೊಳಗೆ ವ್ಯವಹರಿಸುವುವು. ಆದುದರಿಂದ ಮನೆ ನಮ್ಮದಾದರೂ ನಾವು ಒಂಟಿಯಲ್ಲ.

ಇದನ್ನು ನಡೆಯಿಸಲು ಐವರು ಕೆಲಸಗಾರರು ಬೇಕು: ಪುಟಗಳನ್ನು ತೋರಿಸುವವನೊಬ್ಬ, ಹೊಸ ಸುದ್ದಿಯನ್ನು ಒಡನೊಡನೆ ಹರಿಯಿಸುವವನೊಬ್ಬ, ಪರಸ್ಥಳಗಳಿಗೆ ಓಲೆ ಮುಟ್ಟಿಸುವ ಸೈಡ್‌ಕಿಕ್, ಬರೆಹಗಳನ್ನೆಲ್ಲ ದಾಖಲಿಸುವ ಪೋಸ್ಟ್‌ಗ್ರೆಸ್, ಕ್ಷಣಿಕ ಲೆಕ್ಕಗಳನ್ನಿಡುವ ರೆಡಿಸ್. ೨೦೧೩ರಲ್ಲಿ ಬಳಕೆಗೆ ಬಂದ ಡಾಕರ್ ಎಂಬ ಸಾಧನವು ಒಬ್ಬೊಬ್ಬನಿಗೂ ಕಂಟೇನರ್ ಎಂಬ ಬೇರೆ ಕೋಣೆಯನ್ನು ಕೊಡುವುದು. ಹೊಸ ಆವೃತ್ತಿ ಬಂದಾಗ ಹಳೆಯ ಕೋಣೆಯನ್ನು ದುರಸ್ತಿ ಮಾಡುವ ಕ್ರಮವಿಲ್ಲ. ಕೆಡವಿ ಹೊಸದನ್ನೇ ನಿಲ್ಲಿಸುವರು. ಅನುಕೂಲವೂ ಅದೇ, ಅಪಾಯವೂ ಅದೇ.

ಬಾಗಿಲ ವಿಷಯ ಬೇರೆ. ನಮ್ಮ ಗುತ್ತಿನ ಮನೆಗಳಲ್ಲಿ ಬಂದವರು ನೆಟ್ಟಗೆ ಒಳಕೋಣೆಗೆ ನುಗ್ಗುವುದುಂಟೆ? ಚಾವಡಿಯಲ್ಲಿ ಕುಳಿತು ಬಂದ ಕಾರ್ಯವನ್ನು ಹೇಳಬೇಕು. ಪ್ರಾಕ್ಸಿಯೇ ಆ ಚಾವಡಿ. ಎಂಜಿನ್‌ಎಕ್ಸ್ ಎಂಬ ತಂತ್ರಾಂಶವು ೪೪೩ನೆಯ ಬಾಗಿಲಲ್ಲಿ ನಿಂತು, ಗೂಢಲಿಪಿಯ ಪ್ರಮಾಣಪತ್ರವನ್ನು ತೋರಿಸಿ, ಪುಟ ಕೇಳಿದವರನ್ನು ೩೦೦೦ನೆಯ ಒಳಬಾಗಿಲಿಗೂ ಸುದ್ದಿಯ ಹರಿವನ್ನು ೪೦೦೦ನೆಯದಕ್ಕೂ ಒಯ್ಯುವುದು. ಒಳಬಾಗಿಲುಗಳು ಮನೆಯೊಳಕ್ಕೆ ಮಾತ್ರ ತೆರೆದಿರತಕ್ಕದ್ದು. ಡಾಕರು ತಾನಾಗಿ ತೆರೆದ ಬಾಗಿಲನ್ನು ಹೊರಗಣ ಕಾವಲು ತಡೆಯದಿರಬಹುದೆಂಬುದನ್ನು ಹೊಸಬರು ಅರಿಯರು.

ಇಷ್ಟನ್ನೆಲ್ಲ ಸರಿಯಾಗಿ ಮಾಡಿಯೂ ನಾನು ಕೆಟ್ಟೆನು. ಕೋಣೆಯ ಹೊರಗೆ ಇರಬೇಕಾದ ಉಗ್ರಾಣವನ್ನು ಬರೆಹಗಳಿಗೆ ಕಟ್ಟಿಸಿದ್ದೆ, ಚಿತ್ರಗಳಿಗೆ ಕಟ್ಟಿಸಲು ಮರೆತಿದ್ದೆ. ಒಪ್ಪಂದದ ಕಡತದಲ್ಲಿ ಒಂದೇ ಒಂದು ಸಾಲು ತಪ್ಪಿತ್ತು. ಹೊಸ ಆವೃತ್ತಿಯನ್ನು ನಿಲ್ಲಿಸಿದ ದಿನ ಹಳೆಯ ಕೋಣೆಯೊಡನೆ ಚಿತ್ರಗಳೆಲ್ಲ ಹೋದುವು. ದುಬಾಯಿಯ ಮೊಮ್ಮಗುವಿನ ತೊಟ್ಟಿಲ ಚಿತ್ರದ ಕೆಳಗೆ ಅಮ್ಮ ಬರೆದ ನಾಲ್ಕು ಮಾತುಗಳು ಮಾತ್ರ ಉಳಿದುವು. ಮೇಲೆ ಬರಿಯ ಬೂದುಬಣ್ಣದ ಚೌಕ. ಅಮ್ಮ ಏನನ್ನೂ ಅನ್ನಲಿಲ್ಲ. ಅಂದಿದ್ದರೆ ಲೇಸಿತ್ತು.

ಆ ವಾರ ಸಿದ್ಧಾಂತ ಬಸದಿಗೆ ಹೋದಾಗ ಧವಳಾದಿ ಗ್ರಂಥಗಳ ನೆನಪಾಯಿತು. ಹಳಗನ್ನಡ ಲಿಪಿಯ ಆ ತಾಳೆಯೋಲೆಗಳು ಶತಮಾನಗಳ ಕಾಲ ಈ ಊರೊಂದರಲ್ಲಿಯೇ ಭದ್ರವಾಗಿದ್ದುವು. ಭದ್ರವೆಂದರೂ ಹುಳ, ಬೆಂಕಿ, ಮಳೆ ಯಾವುದಾದರೊಂದಕ್ಕೆ ಅವಕಾಶ ಸಿಕ್ಕಿದ್ದರೆ ಮುಗಿದೇ ಹೋಗುತ್ತಿತ್ತು. ಕಳೆದ ಶತಮಾನದ ಹೊಸ್ತಿಲಲ್ಲಿ ಪ್ರತಿ ತೆಗೆಯುವ ಕೆಲಸ ಆರಂಭವಾಯಿತು. ಧವಳದ ಮೊದಲ ಸಂಪುಟವು ೧೯೩೯ರಲ್ಲಿ ಹೀರಾಲಾಲ ಜೈನರ ಸಂಪಾದಕತ್ವದಲ್ಲಿ ಅಚ್ಚಾದ ಮೇಲಷ್ಟೆ ಅದು ಒಂದೂರಿನ ಭಾರವಾಗಿ ಉಳಿಯಲಿಲ್ಲ.

ಈಗ ನಮ್ಮ ಸರ್ವರಿನ ಬರೆಹಗಳೂ ಚಿತ್ರಗಳೂ ಗುಪ್ತಸಂಕೇತಗಳ ಕಡತವೂ ರಾತ್ರಿ ಎರಡು ಗಂಟೆಗೆ ಬೆಂಗಳೂರಿನಲ್ಲಿರುವ ತಂಗಿಯ ಮನೆಯ ಯಂತ್ರಕ್ಕೆ ಪ್ರತಿಯಾಗುವುವು. ತಿಂಗಳಿಗೊಮ್ಮೆ ಆ ಪ್ರತಿಯಿಂದ ಬೇರೊಂದು ಸರ್ವರನ್ನು ನಿಲ್ಲಿಸಿ ನೋಡುತ್ತೇನೆ. ತೆರೆದು ನೋಡದ ಪ್ರತಿಯನ್ನು ಪ್ರತಿಯೆನ್ನಲು ನನಗೆ ಧೈರ್ಯವಿಲ್ಲ. ತೊಟ್ಟಿಲ ಚಿತ್ರವು ಮಗನ ಮೊಬೈಲಿನಲ್ಲಿ ಸಿಕ್ಕಿತು. ಆಷಾಢದ ಗುಡುಗಿಗೆ ಯಂತ್ರದ ತಂತಿಯನ್ನು ಕಿತ್ತಿಡುವ ಕೆಲಸವನ್ನು ಅಮ್ಮ ತಾನಾಗಿ ವಹಿಸಿಕೊಂಡಿರುವಳು.