ಹಳೆಯ ಗಿಟಾರಿಗೆ ಹೊಸ ಅಂಗಗಳು

ಕಲಿಯುವವರಿಗೆಂದು ಕಡಮೆ ಬೆಲೆಗೆ ತಯಾರಾದ ಎಲೆಕ್ಟ್ರಿಕ್ ಗಿಟಾರು, ಕೊಂಡವನ ಉತ್ಸಾಹ ತಗ್ಗಿದ ಮೇಲೆಯೋ, ಇಲ್ಲವೆ ಅವನ ವಿದ್ಯೆ ವಾದ್ಯದ ಯೋಗ್ಯತೆಯನ್ನು ಮೀರಿದ ಮೇಲೆಯೋ, ಅಟ್ಟವನ್ನು ಸೇರುವುದು ಸಾಮಾನ್ಯ. ಹಾಗೆ ಅಟ್ಟ ಸೇರಿದವುಗಳಲ್ಲಿ ಎಷ್ಟೋ ವಾದ್ಯಗಳು ಇನ್ನೂ ಹಲವು ವರ್ಷ ನುಡಿಯಬಲ್ಲವು. ಅಮೆರಿಕದ ಫೆಂಡರ್ ಕಂಪೆನಿ 1954ರಲ್ಲಿ ಹೊರತಂದ ಸ್ಟ್ರಾಟೋಕ್ಯಾಸ್ಟರನ್ನೇ ನೋಡಿ: ಅದರ ಕತ್ತನ್ನು ಒಡಲಿಗೆ ಕೂಡಿಸಿರುವುದು ಅಂಟಲ್ಲ, ಸ್ಕ್ರೂಗಳು; ಬಿರಡೆಯಿಂದ ಸ್ವಿಚ್ಚಿನವರೆಗೆ ಪ್ರತಿಯೊಂದು ಭಾಗವನ್ನೂ ಕಳಚಿ ಬೇರೊಂದನ್ನು ಕೂರಿಸಬಹುದು. ಅದೇ ಕಂಪೆನಿ 1982ರಿಂದ ಸ್ಕ್ವಾಯರ್ ಎಂಬ ಹೆಸರಿನಲ್ಲಿ ಮಾರುತ್ತ ಬಂದಿರುವ ಅಗ್ಗದ ಗಿಟಾರುಗಳಿಗೂ ಈ ಸೌಲಭ್ಯವುಂಟು. ಇಂಥ ವಾದ್ಯಗಳಲ್ಲಿ ಮಿತವ್ಯಯದ ಕತ್ತರಿ ಹೆಚ್ಚಾಗಿ ಬೀಳುವುದು ಲೋಹದ ಬಿಡಿಭಾಗಗಳ ಮೇಲೆ, ಒಳಗಿನ ವಿದ್ಯುತ್ ಸಾಮಗ್ರಿಯ ಮೇಲೆ. ಆದಕಾರಣ ಅವುಗಳ ಉದ್ಧಾರವೂ ಅಲ್ಲಿಯೇ ಇದೆ.

ಆದರೂ ಮೊದಲು ಪರೀಕ್ಷಿಸತಕ್ಕದ್ದು ಕತ್ತನ್ನು. ಅದು ಕೊಂಚ ಬಾಗಿದ್ದರೆ ಒಳಗಿರುವ ಉಕ್ಕಿನ ಸಲಾಕೆಯನ್ನು ತಿರುಗಿಸಿ ನೇರ ಮಾಡಬಹುದು. ತಿರುಚಿಕೊಂಡಿದ್ದರೆ ಅಂಥ ವಾದ್ಯಕ್ಕೆ ಹಣ ಸುರಿಯುವುದು ವ್ಯರ್ಥ.

ಶ್ರುತಿ ನಿಲ್ಲುವುದಿಲ್ಲವೆಂದು ಬೇಸತ್ತವರು ಕೂಡಲೇ ಬಿರಡೆಗಳನ್ನು ದೂರುತ್ತಾರೆ. ನಿಜವಾದ ಅಪರಾಧಿ ಅನೇಕ ವೇಳೆ ಕತ್ತಿನ ತುದಿಯಲ್ಲಿ ತಂತಿಗಳನ್ನು ಹೊರುವ ನಟ್ ಎಂಬ ಪ್ಲಾಸ್ಟಿಕ್ಕಿನ ಸಣ್ಣ ಪಟ್ಟಿ. ತಂತಿಯನ್ನು ಬಿಗಿಸುವಾಗ ಅಲ್ಲಿ ‘ಟಿಣ್’ ಎಂಬ ಸದ್ದಾಗಿ ಶ್ರುತಿ ಥಟ್ಟನೆ ಮೇಲಕ್ಕೆ ನೆಗೆದರೆ, ತಂತಿ ನಟ್ಟಿನ ಕಚ್ಚಿನಲ್ಲಿ ಸಿಕ್ಕಿಕೊಂಡಿತ್ತೆಂದೇ ಅರ್ಥ. ಕಚ್ಚಿಗೆ ಪೆನ್ಸಿಲಿನ ಪುಡಿಯನ್ನು ಸವರುವುದು ತಾತ್ಕಾಲಿಕ ಉಪಾಯ. ನುರಿತವರಿಂದ ಮೂಳೆಯ ನಟ್ ಒಂದನ್ನು ಕೂರಿಸಿಕೊಳ್ಳುವುದು ಶಾಶ್ವತವಾದ ಪರಿಹಾರ. ಬಿರಡೆಯನ್ನಾಗಲಿ, ಒಡಲಿನ ಮೇಲೆ ತಂತಿಗಳನ್ನು ಹೊರುವ ಕುದುರೆಯನ್ನಾಗಲಿ ಕೊಳ್ಳುವ ಮುನ್ನ ಅಳತೆಪಟ್ಟಿ ಕೈಯಲ್ಲಿರಲಿ. ಆರು ಸ್ಕ್ರೂಗಳ ಕುದುರೆಯಲ್ಲಿ ಮೊದಲನೆಯದರಿಂದ ಕಡೆಯದಕ್ಕಿರುವ ಅಂತರ ಅಮೆರಿಕದ ಹಳೆಯ ಮಾದರಿಯಲ್ಲಿ ಸುಮಾರು 56 ಮಿಲಿಮೀಟರು, ಅಗ್ಗದವುಗಳಲ್ಲಿ ಅನೇಕಕ್ಕೆ ಸುಮಾರು 52. ಒಂದರ ರಂಧ್ರಕ್ಕೆ ಇನ್ನೊಂದು ಹೊಂದುವುದಿಲ್ಲ.

ಇನ್ನು ಒಳಗಿನ ಸಂಗತಿ. ಮುಂಭಾಗದ ಪ್ಲಾಸ್ಟಿಕ್ ಫಲಕದ ಸ್ಕ್ರೂಗಳನ್ನು ಬಿಚ್ಚಿ ಮಗುಚಿದರೆ, ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಮೂರು ಪಿಕಪ್‌ಗಳು, ಒಂದು ಸ್ವಿಚ್ಚು, ತೆಳ್ಳನೆಯ ವೈರುಗಳು, ಮತ್ತು ಧ್ವನಿಯ ಪ್ರಮಾಣವನ್ನೂ ಬಣ್ಣವನ್ನೂ ಹತೋಟಿಯಲ್ಲಿಡುವ ಪಾಟ್ ಎಂಬ ಮೂರು ದುಂಡನೆಯ ಡಬ್ಬಿಗಳು ಕಾಣುತ್ತವೆ. ಗುಂಡಿಯನ್ನು ತಿರುಗಿಸುವಾಗ ಕರಕರ ಸದ್ದು ಬರುವುದು ಪಾಟಿನೊಳಗಿನ ಇಂಗಾಲದ ಪಟ್ಟಿಯ ಮೇಲೆ ಧೂಳು ಕೂತಿರುವುದರಿಂದ, ಇಲ್ಲವೆ ಆ ಪಟ್ಟಿಯೇ ಸವೆದಿರುವುದರಿಂದ. ಧೂಳಾದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿದರೆ ಸಾಕು; ಸವೆತವಾದರೆ ಹೊಸದನ್ನೇ ಹಾಕಬೇಕು. ಒಂದೇ ಸುರುಳಿಯ ಪಿಕಪ್ಪಿಗೆ 250 ಕಿಲೋ ಓಮ್, ಜೋಡಿ ಸುರುಳಿಯ ಹಂಬಕರ್ ಪಿಕಪ್ಪಿಗೆ 500 ಕಿಲೋ ಓಮ್ ಪ್ರತಿರೋಧದ ಪಾಟ್ ಎಂಬುದು ರೂಢಿ. ಈ ಪ್ರತಿರೋಧ ಕಡಮೆಯಾದಷ್ಟೂ ತಾರಸ್ವರಗಳ ಅಂಶ ಅರ್ತ್ ವೈರಿನ ದಾರಿ ಹಿಡಿದು ಸೋರಿಹೋಗಿ ನಾದ ಮಂಕಾಗುತ್ತದೆ.

ಗುಂಯ್‌ಗುಡುವ ಗದ್ದಲಕ್ಕೆ ಎರಡು ಮೂಲಗಳುಂಟು, ಇವೆರಡನ್ನೂ ಒಂದೇ ಎಂದು ಭಾವಿಸಿ ನಿರಾಶರಾದವರು ಬಹಳ. ಸುತ್ತಲಿನ ವಿದ್ಯುತ್‌ಕ್ಷೇತ್ರದಿಂದ ಬರುವ ಗದ್ದಲವನ್ನು, ಈ ಸಾಮಗ್ರಿ ಕೂರುವ ಮರದ ಗುಳಿಗೆ ತಾಮ್ರದ ತೆಳುಹಾಳೆಯನ್ನು ಬಿಡುವಿಲ್ಲದೆ ಅಂಟಿಸಿ ಅರ್ತ್ ವೈರಿಗೆ ಬೆಸೆದರೆ ಬಹುಮಟ್ಟಿಗೆ ತಡೆಯಬಹುದು. ಟ್ರಾನ್ಸ್‌ಫಾರ್ಮರಿನಂಥ ಸಾಧನಗಳ ಕಾಂತಕ್ಷೇತ್ರ ಮಾತ್ರ ಈ ತಾಮ್ರಕ್ಕೆ ಜಗ್ಗುವುದಿಲ್ಲ. ಗಿಬ್ಸನ್ ಕಂಪೆನಿಯಲ್ಲಿದ್ದ ಸೆತ್ ಲವರ್ 1955ರಲ್ಲಿ ಎರಡು ಸುರುಳಿಗಳನ್ನು ಪರಸ್ಪರ ವಿರುದ್ಧವಾಗಿ ಜೋಡಿಸಿ, ಒಂದರಲ್ಲಿ ಹುಟ್ಟಿದ ಗದ್ದಲವನ್ನು ಇನ್ನೊಂದರ ಗದ್ದಲ ಅಳಿಸುವಂತೆ ಹಂಬಕರನ್ನು ರೂಪಿಸಿದ್ದು ಈ ಕಾರಣಕ್ಕಾಗಿಯೇ. ಕೈ ತಂತಿಗೆ ತಾಗಿದೊಡನೆ ಗದ್ದಲ ಇಳಿದರೆ ಕುದುರೆಗೆ ಅರ್ತ್ ಸಂಪರ್ಕವಿದೆಯೆಂದು ತಿಳಿಯಿರಿ. ಇಳಿಯದಿದ್ದರೆ, ಹಿಂಬದಿಯಲ್ಲಿ ಸ್ಪ್ರಿಂಗುಗಳನ್ನು ಹಿಡಿದಿರುವ ಲೋಹದ ಪಟ್ಟಿಗೆ ಬೆಸೆದ ವೈರು ಕಿತ್ತುಬಂದಿದೆಯೇ ನೋಡಿ.

ಎಲ್ಲರೂ ಮೊದಲು ಕೊಳ್ಳಲು ಹಾತೊರೆಯುವ ಪಿಕಪ್ಪನ್ನು ನಾನು ಬೇಕೆಂದೇ ಕಡೆಗಿಟ್ಟಿದ್ದೇನೆ. ಅಯಸ್ಕಾಂತದ ಸುತ್ತ ಸಾವಿರಾರು ಸುತ್ತು ತಾಮ್ರದ ಎಳೆ. ಉಕ್ಕಿನ ತಂತಿ ಅದರ ಮುಂದೆ ಕಂಪಿಸಿದಾಗ ಕಾಂತಕ್ಷೇತ್ರ ಕದಲಿ ಎಳೆಯಲ್ಲಿ ವಿದ್ಯುತ್ತು ಹುಟ್ಟುತ್ತದೆ. ಫ್ಯಾರಡೆ 1831ರಲ್ಲಿ ಕಂಡ ತತ್ತ್ವವೇ ಇದು. ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಸೆರಾಮಿಕ್ ಅಯಸ್ಕಾಂತ, ದುಬಾರಿಯವುಗಳಲ್ಲಿ ಹೆಚ್ಚಾಗಿ ಅಲ್ಯೂಮಿನಿಯಂ, ನಿಕಲ್, ಕೋಬಾಲ್ಟ್ ಬೆರೆಸಿದ ಆಲ್ನಿಕೋ. ಆದರೆ ಸೆರಾಮಿಕ್ ಆದ ಮಾತ್ರಕ್ಕೆ ಪಿಕಪ್ ಕೀಳೆನ್ನುವುದು ಅನ್ಯಾಯ. ಆದ್ದರಿಂದ ನಟ್ಟು, ಪಾಟು, ತಾಮ್ರದ ಹೊದಿಕೆ ಮುಗಿಸಿ, ಹೊಸ ತಂತಿ ಹಾಕಿ, ಪಿಕಪ್ಪಿನ ಎರಡು ಬದಿಯ ಸ್ಕ್ರೂಗಳಿಂದ ಅದರ ಎತ್ತರವನ್ನು ಹೊಂದಿಸಿ, ಒಂದಷ್ಟು ದಿನ ನುಡಿಸಿ ಕೇಳಿ. ಆಮೇಲೂ ಕಿವಿ ಒಪ್ಪದಿದ್ದರೆ ಮಾತ್ರ ಹೊಸ ಪಿಕಪ್ ಕೊಳ್ಳಿ.