ಗಾಳ ಹಾಕುವವರಿಗೆ ಕೆಲವು ಮಾತು



ಹೊಲದ ಕೆಲಸ ಮುಗಿದ ಮೇಲೆ ಒಂದು ಬಿದಿರು ಕೋಲು, ಒಂದಿಷ್ಟು ತಂಗೂಸಿ ದಾರ, ನಾಲ್ಕು ಎರೆಹುಳು ಹಿಡಿದುಕೊಂಡು ಕೆರೆಯ ಕಡೆ ಹೊರಡುವವರು ನಮ್ಮ ಹಳ್ಳಿಗಳಲ್ಲಿ ಬೇಕಾದಷ್ಟು ಜನರಿದ್ದಾರೆ. ಹತ್ತು ವರ್ಷದ ಹುಡುಗನಾಗಿದ್ದಾಗ ಹಿಡಿದ ಗಾಳವನ್ನು ಎಪ್ಪತ್ತಾದರೂ ಕೆಳಗಿಡದವರುಂಟು. ಇದನ್ನು ಮನೆಯವರು ಸೋಮಾರಿತನವೆಂದು ಬಯ್ಯುವುದು ವಾಡಿಕೆ. ನಮಗೆ ಹಾಗೆ ತೋರುವುದಿಲ್ಲ. ಗಾಳ ಹಾಕುವವನಷ್ಟು ನಿಧಾನವಾಗಿ ಕೆರೆಯನ್ನು ನೋಡುವವನು ಇನ್ನೊಬ್ಬನಿಲ್ಲ. ನೀರಿನ ಬಣ್ಣ ಕೆಟ್ಟರೂ, ಏರಿಯಲ್ಲಿ ನೀರು ಜಿನುಗಿದರೂ ಮೊದಲು ಅವನ ಕಣ್ಣಿಗೇ ಬೀಳುತ್ತದೆ.

ಎಲ್ಲ ಮೀನೂ ಒಂದೇ ಆಳದಲ್ಲಿ ಮೇಯುವುದಿಲ್ಲವೆಂಬುದನ್ನು ನೀವು ಬಲ್ಲಿರಿ. ಕಾಟ್ಲಾ ಮೀನಿನ ಬಾಯಿ ಮೇಲ್ಮುಖವಾಗಿದೆ. ಅದು ನೀರಿನ ಮೇಲ್ಪದರದಲ್ಲಿ ತಿನ್ನುತ್ತದೆ. ರೋಹು ನಡುನೀರಿನದು. ಮೃಗಾಲ್ ಮತ್ತು ಸಾಮಾನ್ಯ ಗೆಂಡೆ ತಳದ ಕೆಸರನ್ನು ಕೆದಕಿ ತಿನ್ನುವಂಥವು. ಆದುದರಿಂದ ಬೆಂಡಿಗೂ ಗಾಳಕ್ಕೂ ನಡುವೆ ಎಷ್ಟು ದಾರ ಬಿಡುವಿರೆಂಬುದರ ಮೇಲೆ ಯಾವ ಮೀನು ಕಚ್ಚೀತೆಂಬುದು ನಿಂತಿದೆ. ಹಿಂಡಿ ಮತ್ತು ತೌಡನ್ನು ಕಲಸಿ ಕಟ್ಟಿದ ಉಂಡೆ ಗೆಂಡೆ ಜಾತಿಗೆ ಒಳ್ಳೆಯ ಎರೆ.

ಈ ಕಾಟ್ಲಾ, ರೋಹು, ಮೃಗಾಲ್‌ಗಳು ನಿಂತ ನೀರಿನಲ್ಲಿ ತಾವಾಗಿ ಮರಿ ಮಾಡುವುದಿಲ್ಲ. ಮಳೆಗಾಲದಲ್ಲಿ ಹೊಸನೀರು ಹರಿಯುವ ಹೊಳೆಗಳಲ್ಲಿ ಮೊಟ್ಟೆಯಿಡುವುದು ಅವುಗಳ ಸ್ವಭಾವ. 1957ರಲ್ಲಿ ಕಟಕ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಜೊತೆಯವರು ಮೀನಿನ ಮೆದುಳಿನ ಬುಡದಲ್ಲಿರುವ ಗ್ರಂಥಿಯ ರಸವನ್ನು ಚುಚ್ಚಿ ಮೊಟ್ಟೆಯಿಡಿಸುವ ಕ್ರಮವನ್ನು ಸಾಧಿಸಿದರು. ಅಂದಿನಿಂದ ಮೀನುಮರಿ ಬೇಕಾದಷ್ಟು ಸಿಗುವಂತಾಯಿತು. ಅಂದರೆ ನಿಮ್ಮೂರ ಕೆರೆಯಲ್ಲಿ ಇಂಥ ಮೀನಿದ್ದರೆ ಅದನ್ನು ಯಾರೋ ದುಡ್ಡು ಕೊಟ್ಟು ತಂದು ಬಿಟ್ಟಿದ್ದಾರೆಂದು ತಿಳಿಯಿರಿ. ಕೆರೆಯನ್ನು ಗುತ್ತಿಗೆ ಹಿಡಿದವರನ್ನೋ, ಪಂಚಾಯಿತಿಯವರನ್ನೋ ಒಂದು ಮಾತು ಕೇಳಿ ಗಾಳ ಹಾಕುವುದು ಲೇಸು. ಒಂದೆರಡು ಮೀನಿಗೆ ಬೇಡವೆನ್ನುವವರು ಕಡಮೆ. ಕೇಳದೆ ಹಿಡಿದರೆ ಮಾತ್ರ ಜಗಳ.

ಕೊರವ ಮೀನಿನ ಸಂಗತಿ ಬೇರೆ. ಅದು ಕೆರೆಯಲ್ಲಿಯೇ ಮರಿ ಮಾಡುತ್ತದೆ. ಮೇಲೆ ಬಂದು ಗಾಳಿಯನ್ನೇ ಉಸಿರಾಡುವುದರಿಂದ ಬತ್ತುವ ಕೆಸರಿನಲ್ಲಿಯೂ ಬದುಕಿಕೊಳ್ಳುತ್ತದೆ. ಮಳೆ ಬಿದ್ದ ಮೇಲೆ ಜೊಂಡಿನ ಅಂಚಿನಲ್ಲಿ ಕೆಂಪು ಕೆಂಪಾದ ಮರಿಗಳ ಗುಂಪೊಂದು ಮೇಲೇಳುತ್ತ ಮುಳುಗುತ್ತ ಸಾಗುವುದನ್ನು ನೀವು ನೋಡಿರಬಹುದು. ಅದರ ಕೆಳಗೆ ತಾಯಿತಂದೆ ಕಾವಲಿರುತ್ತವೆ. ಆ ಗುಂಪಿನ ಮೇಲೆ ಗಾಳ ಆಡಿಸಿದರೆ ದೊಡ್ಡ ಮೀನು ಸಿಟ್ಟಿನಿಂದ ಬಂದು ಕಚ್ಚುವುದೇನೋ ನಿಜ. ಆದರೆ ಕಾವಲು ಹೋದ ಮರಿಗಳನ್ನು ಬೇರೆ ಮೀನು, ಕಪ್ಪೆ, ಹಕ್ಕಿಗಳು ತಿಂದು ಮುಗಿಸುತ್ತವೆ. ಒಂದು ಸಾರಿಗಾಗಿ ನೂರಾರು ಮೀನನ್ನು ಕಳೆದುಕೊಂಡ ಹಾಗಾಯಿತು. ಆ ಕೆಲವು ವಾರ ಕೊರವನನ್ನು ಬಿಟ್ಟುಬಿಡಿ.

ಮೋಡ ಕವಿದ ದಿನಗಳ ಮರುದಿನ ಬೆಳಗಿನ ಜಾವ ಮೀನುಗಳೆಲ್ಲ ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಅದನ್ನು ಹಸಿವೆಂದು ಎಣಿಸಬೇಡಿರಿ. ನೀರಿನ ಸಸ್ಯ, ಪಾಚಿಗಳು ಬಿಸಿಲಿನಲ್ಲಿ ಪ್ರಾಣವಾಯುವನ್ನು ಬಿಡುತ್ತವೆ, ರಾತ್ರಿ ತಾವೇ ಅದನ್ನು ಬಳಸಿಕೊಳ್ಳುತ್ತವೆ. ಹೀಗಾಗಿ ಸೂರ್ಯ ಹುಟ್ಟುವ ಮುನ್ನ ಪ್ರಾಣವಾಯು ಅತಿ ಕಡಮೆ ಇರುತ್ತದೆ. ಆಗ ಮೀನು ಉಸಿರಿಗಾಗಿ ಪರದಾಡುತ್ತಿರುತ್ತದೆ. ಗಾಳವನ್ನು ಬದಿಗಿಟ್ಟು ಕೆರೆ ಹಿಡಿದವರಿಗೆ ಸುದ್ದಿ ಮುಟ್ಟಿಸಿರಿ. ಔಷಧಿ ಹೊಡೆದ ಕ್ಯಾನನ್ನು ಕೆರೆಯಲ್ಲಿ ತೊಳೆದರೂ ಮೀನು ಸತ್ತು ತೇಲುವುದುಂಟು. ಈ ತಪ್ಪು ರೈತರಾದ ನಮ್ಮದೇ.

ಹೊಳೆಯ ಮೀನುಗಳಲ್ಲಿ ಕಾವೇರಿಯ ಮಹಶೀರ್‌ಗೆ ಸಮನಾದುದಿಲ್ಲ. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ ಗಾಳ ಹಾಕಿ ಹಿಡಿದ ಮೀನು 120 ಪೌಂಡು, ಎಂದರೆ ಸುಮಾರು 54 ಕಿಲೋ ತೂಗಿತು. ದೂರದ ದೇಶಗಳಿಂದ ಬಂದ ಹವ್ಯಾಸಿಗಳು ಈ ಮೀನಿಗೆ ಕಟ್ಟುತ್ತಿದ್ದ ಎರೆ ಯಾವುದೆಂದರೆ ನಮ್ಮ ರಾಗಿ ಹಿಟ್ಟಿನ ಬೇಯಿಸಿದ ಉಂಡೆ! ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಬೇರೆಲ್ಲಿಯೂ ಇಲ್ಲದ ಈ ಡುಬ್ಬದ ಮಹಶೀರ್ ಅಳಿವಿನ ತೀರ ಅಂಚಿಗೆ ಬಂದಿದೆಯೆಂದು 2018ರಲ್ಲಿ ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ದಾಖಲಾಯಿತು. ಅಣೆಕಟ್ಟು, ಮರಳು ತೆಗೆಯುವಿಕೆ, ಸಿಡಿಮದ್ದು ಎಲ್ಲವೂ ಸೇರಿ ಹೀಗಾಗಿದೆ. ಸಿಡಿಮದ್ದು ದೊಡ್ಡ ಮೀನನ್ನು ಮಾತ್ರ ಕೊಲ್ಲುವುದಿಲ್ಲ. ಮರಿ, ಮೊಟ್ಟೆ, ಮೀನಿನ ಮೇವು ಎಲ್ಲವನ್ನೂ ಹಾಳು ಮಾಡುತ್ತದೆ. ಸತ್ತವುಗಳಲ್ಲಿ ಬಹುಪಾಲು ತಳಕ್ಕೆ ಹೋಗಿ ಯಾರಿಗೂ ದಕ್ಕುವುದಿಲ್ಲ. ನೀರಿಗೆ ಮದ್ದು ಸಿಡಿಸುವುದೂ ವಿಷ ಬೆರೆಸುವುದೂ ಅಪರಾಧವೆಂದು 1897ರ ಮೀನುಗಾರಿಕೆ ಕಾಯಿದೆಯೇ ಸಾರಿತ್ತು.

ಮಹಶೀರ್ ಅಕಸ್ಮಾತ್ ಸಿಕ್ಕಿದರೆ ಬಿಟ್ಟುಬಿಡಿ. ಕೈ ಒದ್ದೆ ಮಾಡಿಕೊಂಡೇ ಮುಟ್ಟಿ. ಒಣಗೈಗೆ ಅದರ ಮೈಲೋಳೆ ಕಿತ್ತುಬರುತ್ತದೆ. ಕಿವಿರಿಗೆ ಬೆರಳು ಹಾಕಬೇಡಿ. ಗಾಳ ಬಿಡಿಸಿ, ಹರಿವಿಗೆ ಮುಖ ಮಾಡಿಸಿ ಹಿಡಿದಿದ್ದರೆ ಸುಧಾರಿಸಿಕೊಂಡು ತಾನೇ ಈಜಿಹೋಗುತ್ತದೆ.

ಇನ್ನು ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಯಾತ್ರಿಕ ಡೊಮಿಂಗೊ ಪಾಯೆಸ್, ಬುಟ್ಟಿಯಂತೆ ದುಂಡಗಿದ್ದು ಹೊರಗೆ ಚರ್ಮ ಹೊದಿಸಿದ ದೋಣಿಗಳಲ್ಲಿ ಜನ ಹೊಳೆ ದಾಟುವುದನ್ನು ಬರೆದಿಟ್ಟಿದ್ದಾನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆ, ಟಾರು ಬಂದಿವೆ. ಬಿದಿರಿನ ಹೆಣಿಗೆ ಅದೇ. ಇದಕ್ಕೆ ಮುಂದು ಹಿಂದು ಎಂಬುದಿಲ್ಲ. ಪಕ್ಕದಲ್ಲಿ ಹುಟ್ಟು ಹಾಕಿದರೆ ಬುಗುರಿಯಂತೆ ತಿರುಗುತ್ತದೆ. ಹೋಗಬೇಕಾದ ದಿಕ್ಕಿಗೆ ಕುಳಿತು, ಎದುರಿನ ನೀರನ್ನು ನಿಮ್ಮ ಕಡೆಗೆ ಎಳೆದುಕೊಂಡರೆ ನೇರವಾಗಿ ಸಾಗುತ್ತದೆ. ತಳ ಚಪ್ಪಟೆಯಾದ್ದರಿಂದ ಮೊಣಕಾಲುದ್ದದ ನೀರಿನಲ್ಲಿಯೂ ತೇಲುತ್ತದೆ. ಆದರೆ ಎಲ್ಲರೂ ಒಂದೇ ಬದಿಗೆ ವಾಲಿದರೆ, ಮೀನು ಕಚ್ಚಿತೆಂದು ಒಬ್ಬನು ಎದ್ದು ನಿಂತರೆ, ಮಗುಚಲು ಕ್ಷಣವೂ ಬೇಡ. ತೇಲುವ ಜಾಕೆಟ್ ಇಲ್ಲದೆ ಮಕ್ಕಳನ್ನು ಹತ್ತಿಸಲೇಬೇಡಿ.

ದಡದಲ್ಲಿ ಕೂತವರಿಗೂ ಅಪಾಯ ತಪ್ಪಿದ್ದಲ್ಲ. ಹೂಳು, ಮಣ್ಣು ಎತ್ತಿದ ಕೆರೆಗಳಲ್ಲಿ ಮೊಣಕಾಲುದ್ದ ನೀರಿನ ಪಕ್ಕದಲ್ಲಿಯೇ ಎರಡಾಳುದ್ದ ಗುಂಡಿಯಿರುತ್ತದೆ. ಬೇಸಿಗೆಯಲ್ಲಿ ಕೆರೆ ಒಣಗಿದಾಗಲೇ ಗುಂಡಿಗಳನ್ನು ಗುರುತಿಸಿ, ಅಂಚಿಗೆ ಉದ್ದನೆಯ ಗಳ ನೆಟ್ಟಿರಿ. ಒಬ್ಬನು ಮುಳುಗುತ್ತಿದ್ದರೆ ಈಜು ಬಂದರೂ ಹಿಂದೆಯೇ ಹಾರಬೇಡಿ. ಒಬ್ಬನನ್ನು ಉಳಿಸಲು ಹೋಗಿ ಮೂವರು ಹೋದ ಸುದ್ದಿ ನಾವು ಕೇಳದ್ದಲ್ಲ. ಗಾಳದ ಕೋಲನ್ನು ಚಾಚಿ, ಪಂಚೆಯನ್ನು ಎಸೆಯಿರಿ. ಐದು ಲೀಟರಿನ ಖಾಲಿ ಕ್ಯಾನಿಗೆ ಮುಚ್ಚಳ ಬಿಗಿದು, ಹತ್ತು ಮಾರು ಹಗ್ಗ ಕಟ್ಟಿ, ಏರಿಯ ಮೇಲಿನ ಮರಕ್ಕೆ ಸದಾ ತೂಗುಹಾಕಿರಿ. ಮೇಲೆ ತಂದವನನ್ನು ತಲೆಕೆಳಗು ಮಾಡಿ ನೀರು ಇಳಿಸುತ್ತ ಹೊತ್ತು ಕಳೆಯಬಾರದು. ಉಸಿರಿಲ್ಲದಿದ್ದರೆ ಮಲಗಿಸಿ, ಮೂಗು ಮುಚ್ಚಿ ಬಾಯಿಗೆ ಬಾಯಿ ಇಟ್ಟು ಊದಿರಿ, ಎದೆಯ ನಡುವೆ ಎರಡೂ ಕೈಯಿಂದ ಒತ್ತಿರಿ. ಇನ್ನೊಬ್ಬರು ಅಷ್ಟರಲ್ಲಿ 108ಕ್ಕೆ ಫೋನ್ ಮಾಡಲಿ.