ಸಂಘದ ಲೆಕ್ಕಪತ್ರಕ್ಕೊಂದು ದೂರದ ಹಗೇವು



ಇದ್ದ ರಾಗಿಯನ್ನೆಲ್ಲ ಒಂದೇ ಹಗೇವಿಗೆ ಸುರಿದರೆ, ಅದಕ್ಕೆ ನೀರು ನುಗ್ಗಿದ ವರ್ಷ ಬಿತ್ತನೆಗೂ ಕಾಳು ಉಳಿಯದು. ಲೆಕ್ಕಪತ್ರದ ಮಾತೂ ಹೀಗೆಯೇ. 1933ರ ನಂತರ 2022ರಲ್ಲಿ ಮಾರಿಕಣಿವೆ ಕೋಡಿ ಹರಿಯಿತು. ಅಂಥ ಮಳೆಗಾಲದಲ್ಲಿ ಸಂಘದ ಬೀರು ನೆನೆದರೆ ಅಥವಾ ಕಂಪ್ಯೂಟರು ಕೆಟ್ಟರೆ, ಯಾರ ಸಾಲ ಎಷ್ಟು ತೀರಿತೆಂಬುದಕ್ಕೆ ಆಧಾರವೇ ಇರದು. ಭೂಮಿ ಯೋಜನೆಯಿಂದ ಪಹಣಿ ಸರ್ಕಾರದ ಕಂಪ್ಯೂಟರಿನಲ್ಲಿದೆ. ಆದರೆ ಸಂಘದ ರಸೀದಿ, ಠರಾವು, ಷೇರು ಪುಸ್ತಕಗಳನ್ನು ಕಾಯುವ ಹೊಣೆ ನಮ್ಮದೇ.

ಕ್ಲೌಡ್ ಎಂದರೆ ಆಕಾಶದ ಮೋಡವಲ್ಲ. ಕಂಪನಿಗಳು ದೂರದ ಊರುಗಳಲ್ಲಿ ನಡೆಸುವ ಕಂಪ್ಯೂಟರುಗಳ ಉಗ್ರಾಣ. ಗೂಗಲ್ ಖಾತೆಯಲ್ಲಿ 15 ಜಿಬಿ ಜಾಗ ಉಚಿತ. ಎರಡು ವರ್ಷ ಬಳಸದೆ ಬಿಟ್ಟ ಖಾತೆಯನ್ನು ಕಂಪನಿ ಅಳಿಸಬಹುದಾದ್ದರಿಂದ ಆಗಾಗ ತೆರೆಯುತ್ತಿರಬೇಕು.

ಮೊದಲು ಕಾಗದಗಳ ಫೋಟೋ ತೆಗೆದು ಕಂಪ್ಯೂಟರಿನ ಒಂದು ಫೋಲ್ಡರಿನಲ್ಲಿ ಇಡಿ. ಅವನ್ನು ಒಂದೊಂದಾಗಿ ಕಳುಹಿಸಬೇಕಿಲ್ಲ. ಆರ್‌ಕ್ಲೋನ್ ಎಂಬ ಉಚಿತ ತಂತ್ರಾಂಶದಲ್ಲಿ ಒಂದು ಸಾಲಿನ ಆಜ್ಞೆ ಬರೆದರೆ ಫೋಲ್ಡರೆಲ್ಲವೂ ಹೋಗುತ್ತದೆ. ಸಂಘದ ಗುಮಾಸ್ತರು ಅಥವಾ ಓದಿದ ತರುಣರು ಇದನ್ನು ಕಲಿಯಬಹುದು. ಆಜ್ಞೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯಬೇಕು. ಮುಖ್ಯವಾದವು ಇವು:

1. ಕಾನ್ಫಿಗ್: ಖಾತೆಯನ್ನು ಕಂಪ್ಯೂಟರಿಗೆ ಜೋಡಿಸುತ್ತದೆ. ಇದನ್ನು ಮೊದಲೇ ಮಾಡಿಕೊಳ್ಳಬೇಕು.

2. ಕಾಪಿ: ಹೊಸ ಕಡತಗಳನ್ನೂ ಬದಲಾದವನ್ನೂ ಮಾತ್ರ ಕಳುಹಿಸುತ್ತದೆ. ಅಲ್ಲಿರುವ ಬೇರೆ ಕಡತಗಳನ್ನು ತೆಗೆಯುವುದಿಲ್ಲ.

3. ಚೆಕ್: ಎರಡೂ ಕಡೆಯ ಕಡತಗಳನ್ನು ತಾಳೆ ನೋಡುತ್ತದೆ.

4. ಸಿಂಕ್: ಇದರ ಬಗ್ಗೆ ಬಹಳ ಎಚ್ಚರ ಬೇಕು. ಇಲ್ಲಿ ಇಲ್ಲದ್ದನ್ನು ಇದು ಅಲ್ಲಿಯೂ ಅಳಿಸುತ್ತದೆ. ಇಲ್ಲಿನ ಫೋಲ್ಡರು ಖಾಲಿಯಾಗಿದ್ದರೆ ಅಲ್ಲಿಯೂ ಖಾಲಿ! ಗೂಗಲ್ ಡ್ರೈವಿನಲ್ಲಿ ಅಳಿಸಿದ್ದು ಸಾಮಾನ್ಯವಾಗಿ 30 ದಿನ ಕಸದ ಬುಟ್ಟಿಯಲ್ಲಿರುತ್ತದೆ. ಅಷ್ಟರೊಳಗೆ ಹಿಂದಕ್ಕೆ ಪಡೆಯದಿದ್ದರೆ ಹೋದಂತೆಯೇ.

ಆದ್ದರಿಂದ ಲೆಕ್ಕಪತ್ರಕ್ಕೆ ಕಾಪಿಯನ್ನೇ ಬಳಸುವುದು ಕ್ಷೇಮ. ಯಾವುದೇ ಆಜ್ಞೆಯ ಜೊತೆಗೆ ಡ್ರೈ-ರನ್ ಎಂಬ ಮಾತು ಸೇರಿಸಿದರೆ, ಏನು ಮಾಡಲಿದೆಯೆಂದು ತೋರಿಸುತ್ತದೆಯೇ ಹೊರತು ಮಾಡುವುದಿಲ್ಲ. ಅದನ್ನು ಓದಿ ನೋಡಿದ ಮೇಲೆ ನಿಜವಾದ ಆಜ್ಞೆ ಕೊಡಿ.

ಖಾತೆಯ ಪಾಸ್‌ವರ್ಡ್ ಗುಮಾಸ್ತರೊಬ್ಬರಿಗೇ ತಿಳಿದಿದ್ದರೆ ಸಾಲದು. ಅವರು ಊರು ಬಿಟ್ಟರೆ ಉಗ್ರಾಣದ ಬೀಗದ ಕೈ ಕಳೆದಂತಾದೀತು. ಅದನ್ನು ಬರೆದು, ಲಕೋಟೆಯಲ್ಲಿ ಮುಚ್ಚಿ, ಅಧ್ಯಕ್ಷರ ಬಳಿಯೂ ಇಡಿ. ಪ್ರತಿ ತಿಂಗಳ ಸಭೆಯ ಮುಂಚೆ ಕಾಪಿ ಮಾಡಿ, ಚೆಕ್ ಮಾಡಿ, ಒಂದು ಕಡತವನ್ನು ಅಲ್ಲಿಂದ ತರಿಸಿ ತೆರೆದು ನೋಡಿ. ಅಕ್ಷರ ಸ್ಪಷ್ಟವಾಗಿ ಓದಲು ಬಂದರೆ ಕೆಲಸ ಸರಿಯಾಗಿದೆಯೆಂದು ನಡವಳಿ ಪುಸ್ತಕದಲ್ಲಿ ಬರೆಸಿರಿ.